ನಡುವಿನ ಹೂವು

ಇಸ್ತ್ರಿ ಕಬ್ಬಿಣ ಕಾದಿದೆಯೋ ಇಲ್ಲವೋ ನೋಡಲೆಂದು ಪರ್ಮಿಲಿಯಾ ಬೆರಳ ತುದಿಯನ್ನು ನಾಲಿಗೆಗೆ ಒತ್ತಿ ಕಬ್ಬಿಣಕ್ಕೆ ತಾಗಿಸಿದಳು. ಚುಂಯ್ ಎಂದಿತು. ಕಾದಿದ್ದಕ್ಕೆ ಅವಳಿಗೆ ಬೇಸರವೇ ಆಯಿತು. ಕಾಯದೇ ಇದ್ದಿದ್ದರೆ ಇನ್ನೊಂದಿಷ್ಟು ಹೊತ್ತು ಒಲೆಯ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿರಬಹುದಿತ್ತು. ಸೋಮವಾರ ಒಗೆಯುವುದು, ಮಂಗಳವಾರ ಇಸ್ತ್ರಿ ಮಾಡುವುದು. ಯಾರು ಹಾಕಿಟ್ಟ ಕಟ್ಟಳೆಯೋ, ಈ ವಿಲಮೆಟ್ ಕಣಿವೆಯಲ್ಲಿ ಮಂಗಳವಾರದ ದಿನ ಯಾವ ಮನೆಯ ಹೆಂಗಸೂ ಒಲೆ ಬಿಟ್ಟು ಕದಲುವ ಹಾಗಿಲ್ಲ, ಜೂನ್ ತಿಂಗಳ ಸೆಕೆಯಾದರೂ ಸರಿ, ಒಳಕೋಣೆಯಲ್ಲಿ ತಾಯಿ ಸಾಯುತ್ತ ಮಲಗಿದ್ದರೂ ಸರಿ. ಅವಳು ತಮ್ಮನ ಅಂಗಿಯ ಕಾಲರನ್ನು ಹಲಗೆಯ ಮೇಲೆ ಹರಡಿ ಕಬ್ಬಿಣ ಎಳೆದಳು. ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಲೀವಾಯ್‌ಗೆ ಮದುವೆಯಾಗಿ, ಬೇರೆ ಮನೆಯಾಗಿ, ಮಗಳು ಹುಟ್ಟಿ ಶಾಲೆಗೆ ಹೋಗುವಷ್ಟಾದರೂ ಅವನ ಅಂಗಿಗಳು ಮಾತ್ರ ಇಲ್ಲಿಗೇ ಬರುತ್ತವೆ. ಅವನ ಹೆಂಡತಿ ಡ್ರೂಸಿಲ್ಲಾಳಿಗೆ ಕಾಲರನ್ನು ನೆಟ್ಟಗೆ ನಿಲ್ಲಿಸಲು ಬರುವುದಿಲ್ಲವಂತೆ. ಬರುವುದಿಲ್ಲವಂತೆ! ಬರುವುದಿಲ್ಲ ಎನ್ನುವುದೂ ಒಂದು ಜಾಣತನವೇ. ಅದನ್ನು ಕಲಿಯಬೇಕಾದ ವಯಸ್ಸಿನಲ್ಲಿ ತಾನು ಕಲಿಯಲಿಲ್ಲ. ಒಳಗೆ ಅಮ್ಮ ಕೆಮ್ಮಿದಳು. ಪರ್ಮಿಲಿಯಾಳ ಕೈ ನಿಂತಿತು. ಇನ್ನೊಂದು ಕೆಮ್ಮಿಗೆ ಕಾದಳು. ಬರಲಿಲ್ಲ. ಮತ್ತೆ ಕೈಯಾಡಿಸುವಷ್ಟರಲ್ಲಿ ಕಾಲರಿನ ಮೂಲೆಯಲ್ಲಿ ಕಂದು ಗುರುತು ಬಿದ್ದಾಗಿತ್ತು.

ಭಾನುವಾರ ಕೋಳಿಸಾರು ಕುಡಿಸುವಾಗ ಅಮ್ಮ ಚಮಚವನ್ನು ಪಕ್ಕಕ್ಕೆ ಸರಿಸಿ ಹೇಳಿದ್ದಳು: "ನಾನು ಹೋದ್ಮೇಲೆ ಆ ಹಾರದಿಂದ ನಡುವಿನ ಹೂವು ಬಿಡಿಸಿ ನನ್ನ ಕೈಲಿಡು, ಮೀಲಿ. ಮರೀಬೇಡ." ಸಾರು ಗಲ್ಲದ ಮೇಲೆ ಹರಿಯಿತು. ಪರ್ಮಿಲಿಯಾ ಅದನ್ನು ಒರೆಸಿ, "ಆಯ್ತಮ್ಮ" ಎಂದಳು. ಇನ್ನೇನು ಹೇಳುವುದು? ಹೇಳಬೇಕಾದ್ದು ಗಂಟಲವರೆಗೆ ಬಂದಿತ್ತು, ಬಂದದ್ದು ಹಾಗೇ ಇಳಿದುಹೋಯಿತು. ಅದು ನಲವತ್ತು ವರ್ಷದಿಂದ ಹೀಗೆ ಹತ್ತುತ್ತ ಇಳಿಯುತ್ತ ಇದೆ. ಮುಂದಿನ ಕೋಣೆಯ ಗೋಡೆಯ ಮೇಲೆ ಆಳವಾದ ಗಾಜಿನ ಪೆಟ್ಟಿಗೆಯೊಳಗೆ ಆ ಹಾರವಿದೆ. ಕೂದಲಿನ ಹಾರ, ಕುದುರೆ ಲಾಳದ ಹಾಗೆ ಬಾಗಿ, ಮೇಲೆ ಬಾಯಿ ತೆರೆದುಕೊಂಡಿದ್ದು. ಮನೆಯವರ ಒಬ್ಬೊಬ್ಬರ ಕೂದಲನ್ನೂ ಸಣ್ಣ ತಂತಿಗೆ ಸುತ್ತಿ ಒಂದೊಂದು ಹೂವು ಮಾಡಿ ಅಮ್ಮ ಸೇರಿಸುತ್ತ ಬಂದದ್ದು. ಹುಟ್ಟಿದವರು, ಮದುವೆಯಾಗಿ ಬಂದವರು, ಸತ್ತವರು, ಎಲ್ಲರೂ ಅದರಲ್ಲಿದ್ದಾರೆ. ಅಪ್ಪನ ನರೆತ ಗಡ್ಡದ್ದೊಂದು ಎಲೆಯಿದೆ. ಲೀವಾಯ್‌ನ ಕೆಂಚುಗೂದಲ ಮೊಗ್ಗಿದೆ. ಡ್ರೂಸಿಲ್ಲಾಳದ್ದೂ ಇದೆ, ಎಲ್ಲಕ್ಕಿಂತ ದೊಡ್ಡದು; ಅವಳು ಅಷ್ಟು ಕೂದಲು ಕತ್ತರಿಸಿ ಕೊಟ್ಟಿದ್ದಳು. ಕೆಳಗೆ ಎಡಗಡೆಗೆ ಮಣ್ಣಿನ ಬಣ್ಣದ ಒಂದು ಹೂವು, ಅದು ಪರ್ಮಿಲಿಯಾಳದ್ದು. ಮತ್ತೆ ನಡುವೆ, ಯಾರೂ ತಾಗದ ಹಾಗೆ ಸುತ್ತ ಜಾಗ ಬಿಟ್ಟು, ಮಾಗಿದ ಗೋಧಿಯ ಬಣ್ಣದ ಒಂದು ಹೂವು. ಅದು ಓರ್ಫಾಳದ್ದು. ಸಾವಿರದ ಎಂಟುನೂರ ಐವತ್ತೆರಡರ ಬೇಸಿಗೆಯಲ್ಲಿ, ದೇಶದ ಪೂರ್ವದಿಂದ ಎತ್ತಿನ ಗಾಡಿಗಳ ಸಾಲಿನಲ್ಲಿ ಇಲ್ಲಿಗೆ ಬರುವ ದಾರಿಯಲ್ಲಿ, ಪ್ಲಾಟ್ ನದಿಯ ದಂಡೆಯ ಮೇಲೆ, ಕಾಲರಾದಲ್ಲಿ ಸತ್ತ ಅಕ್ಕ. ಅಮ್ಮ ಅಪ್ಪನ ಜೊತೆ ಗಾಡಿಯಲ್ಲಿ ಹೊರಟಾಗ ಇದ್ದ ಒಂದೇ ಮಗು. ಪರ್ಮಿಲಿಯಾ ಹುಟ್ಟಿದ್ದು ಅದರ ಮರುವರ್ಷ, ಇಲ್ಲಿ.

ಓರ್ಫಾಳದ್ದು ಎಂದು ಎಲ್ಲರೂ ಅನ್ನುತ್ತಾರೆ. ಅಲ್ಲ ಎಂದು ಪರ್ಮಿಲಿಯಾಳಿಗೆ ಗೊತ್ತು. ಆರು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಅಮ್ಮ ಅವಳನ್ನು ಒಗೆಯುವ ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಕಿವಿಯ ಹಿಂದಿನ ಕೂದಲನ್ನು ಕತ್ತರಿಸಿದ್ದಳು. ಕತ್ತರಿ ತಣ್ಣಗಿತ್ತು. ಅಮ್ಮ ಅಷ್ಟು ಹತ್ತಿರ ನಿಲ್ಲಿಸಿಕೊಂಡದ್ದು ಅಪರೂಪವಾದ್ದರಿಂದ ಅವಳಿಗೆ ಖುಷಿಯೇ ಆಗಿತ್ತು. "ಅಪ್ಪನಿಗೆ ಹೇಳ್ಬೇಡ" ಎಂದಿದ್ದಳು ಅಮ್ಮ. ಆಗ ಅವಳ ಕೂದಲು ಗೋಧಿಯ ಬಣ್ಣವೇ ಇತ್ತು. ದೊಡ್ಡವಳಾಗುತ್ತ ಮಬ್ಬಾಯಿತು, ಈಗ ಬೂದಿ. ಅದಾಗಿ ಸ್ವಲ್ಪ ದಿನಕ್ಕೆ ಹೊಸ ಪಾದ್ರಿಯ ಹೆಂಡತಿ ಊಟಕ್ಕೆ ಬಂದಿದ್ದಳು. ಹಾರದ ಮುಂದೆ ನಿಂತು, ನಡುವಿನ ಹೂವಿಗೆ ಬೆರಳು ತೋರಿಸಿ, ದನಿ ಇಳಿಸಿ, "ಇದು ದಾರೀಲಿ ಹೋದ ಮಗೂದಲ್ವಾ, ತಾಯಿ?" ಎಂದಳು. ಅಮ್ಮ ತಟ್ಟೆ ಹಿಡಿದುಕೊಂಡು ನಿಂತಿದ್ದಳು. "ಹೌದು" ಎಂದಳು. ಬಾಗಿಲ ಸಂದಿಯಲ್ಲಿ ನಿಂತಿದ್ದ ಪರ್ಮಿಲಿಯಾಳ ಕೈ ತಾನಾಗಿ ಕಿವಿಯ ಹಿಂದೆ ಹೋಯಿತು. ಅಲ್ಲಿ ಕೂದಲು ಇನ್ನೂ ಮೋಟುಮೋಟಾಗಿ ಚುಚ್ಚುತ್ತಿತ್ತು. ಹೊಲದಿಂದ ಆಗಷ್ಟೇ ಬಂದಿದ್ದ ಅಪ್ಪ, ಮನೆಯೊಳಗೆ ಯಾವತ್ತೂ ಟೋಪಿ ತೆಗೆಯದ ಅಪ್ಪ, ಟೋಪಿ ತೆಗೆದು ಎದೆಗೆ ಒತ್ತಿ ಹಿಡಿದು ಆ ಹೂವನ್ನೇ ನೋಡುತ್ತ ನಿಂತ. ಅವತ್ತಿನಿಂದ ಪ್ರತಿ ಭಾನುವಾರ ಅಪ್ಪ ಅದರ ಎದುರಿನ ಕುರ್ಚಿಯಲ್ಲಿ ಕೂತ. ಸಾಯುವವರೆಗೆ ಕೂತ. ಅವನ ಮಂಡಿಯ ಹತ್ತಿರ ನಿಂತು ಪರ್ಮಿಲಿಯಾ, ಅಪ್ಪಾ ಅದು ನಂದು, ಅಪ್ಪಾ ಅದು ನಾನು ಎಂದು ಮನಸ್ಸಿನಲ್ಲೇ ಕೂಗುತ್ತಿದ್ದಳು. ಬಾಯಿ ಬಿಟ್ಟು ಒಂದು ದಿನವೂ ಹೇಳಲಿಲ್ಲ.

ತನ್ನ ತಲೆಯಿಂದ ಕದ್ದು ಸತ್ತವಳಿಗೆ ಕೊಟ್ಟರು. ಇಷ್ಟನ್ನು ಒಂದು ಸಲ, ಒಂದೇ ಒಂದು ಸಲ, ಅಮ್ಮ ಬಾಯಿ ಬಿಟ್ಟು ಒಪ್ಪಿಕೊಳ್ಳಲಿ. ಅದು ನಿಂದೇ ಮೀಲಿ ಎಂದುಬಿಡಲಿ. ಇದಕ್ಕಿಂತ ಹೆಚ್ಚಿನದೇನನ್ನೂ ಅವಳು ಯಾರನ್ನೂ ಕೇಳಿದವಳಲ್ಲ. ಇದನ್ನೂ ಕೇಳಿದವಳಲ್ಲ. ಈಗ ಅಮ್ಮ ಆ ಹೂವನ್ನು ಹಿಡಿದುಕೊಂಡೇ ಮಣ್ಣಿಗೆ ಹೋಗುತ್ತಾಳೆ, ಓರ್ಫಾಳ ಹೆಸರು ಹೇಳುತ್ತ ಹೋಗುತ್ತಾಳೆ, ಅಲ್ಲಿಗೆ ಮುಗಿಯಿತು. ಅದನ್ನು ಆ ಬೆರಳುಗಳ ನಡುವೆ ಇಡಬೇಕಾದವಳು ತಾನೇ. ಕಬ್ಬಿಣ ಆರಿತ್ತು. ಒಲೆಯ ಮೇಲೆ ಇಟ್ಟು ಇನ್ನೊಂದನ್ನು ಎತ್ತಿಕೊಂಡಳು. ಜಾಸ್ಪರ್ ಟಲ್ ಕೂಡ ಆ ಗಾಜಿನ ಮುಂದೆ ನಿಂತಿದ್ದ. ಆಗ ಅವಳಿಗೆ ಇಪ್ಪತ್ತೋ ಇಪ್ಪತ್ತೊಂದೋ. ನೋಡಲು ಬಂದಿದ್ದ ಗಂಡು ಎಂದು ಯಾರೂ ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. "ನಿಮ್ಮಕ್ಕ ಬದುಕಿದ್ದಿದ್ರೆ ಏನು ಚೆಂದ ಇರ್ತಿದ್ರೋ, ಎಂಥಾ ಕೂದಲು!" ಎಂದು, ಆಮೇಲೆ ಅವಳ ತಲೆಯ ಕಡೆ ನೋಡಿ, ನೋಡಿದ್ದಕ್ಕೆ ನಾಚಿ, ಕುದುರೆಗೆ ನೀರು ತೋರಿಸಬೇಕು ಎಂದು ಹೊರಗೆ ಹೋದ. ಆ ಕುದುರೆ ಎಷ್ಟು ನೀರು ಕುಡಿಯಿತೋ, ಅವನು ಒಳಗೆ ಬರಲಿಲ್ಲ. ಅದೇ ಚಳಿಗಾಲದಲ್ಲಿ ಅಮ್ಮ ಬಾಚಣಿಗೆಯಲ್ಲಿ ಸಿಕ್ಕಿದ ಅವಳ ಮಬ್ಬು ಕೂದಲನ್ನು ಸೇರಿಸಿ ಎಡಗಡೆಯ ಮಣ್ಣಿನ ಬಣ್ಣದ ಹೂವು ಮಾಡಿದ್ದು. "ನಿಂದೂ ಒಂದಿರ್ಬೇಕಲ್ಲ" ಎಂದಿದ್ದಳು. ನಿಂದೂ! ಆ ಮಾತಿನ ಕೊನೆಯ ದೀರ್ಘ ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ.

ಅಂಗಳದಲ್ಲಿ ಕುದುರೆಗಾಡಿ ನಿಂತ ಸದ್ದಾಯಿತು. ಡ್ರೂಸಿಲ್ಲಾ ಬಂದರೆ ಮೊದಲು ಅವಳ ದನಿ ಒಳಗೆ ಬರುತ್ತದೆ, ಆಮೇಲೆ ಅವಳು.

"ಅಕ್ಕಾ, ಇನ್ನೂ ಇಸ್ತ್ರೀನೇ? ಅಯ್ಯೋ ದೇವರೇ, ಈ ಸೆಕೇಲಿ! ಎಫೀ, ಚೆರ್ರಿ ಬೀಜ ನುಂಗಬೇಡ ಮಗಳೇ, ಅಲ್ಲೇ ಜಗಲಿ ಮೇಲೆ ಕೂತಿರು. ನಾಳೆ ಸಮ್ಮೇಳನ, ನೆನಪಿದೆ ತಾನೇ? ನಮ್ಮಮ್ಮನ ಮನೆಯವರು ಬೆಣ್ಣೆ ಕಡೆಯೋ ಪೀಪಾಯಿ ತರ್ತಿದಾರೆ, ಮಿಸೌರಿಯಿಂದ ಗಾಡಿಗೆ ನೇತಾಕ್ಕೊಂಡು ಬಂದಿದ್ದು. ನಿಮ್ಮನೆಯಿಂದ ಏನೂ ಇಲ್ಲ ಅಂದ್ರೆ ನಂಗೆ ಮುಖ ತೋರ್ಸೋಕಾಗುತ್ತಾ?"

"ನಾವು ಐವತ್ತೆರಡರವರು. ತಂದ್ರೆಷ್ಟು, ಬಿಟ್ರೆಷ್ಟು," ಎಂದಳು ಪರ್ಮಿಲಿಯಾ.

ವರ್ಷಕ್ಕೊಂದು ಸಲ ಹಳಬರೆಲ್ಲ ಓಕ್ ಮರಗಳ ಕೆಳಗೆ ಸೇರುತ್ತಾರೆ. ಪ್ರತಿಯೊಬ್ಬರ ಎದೆಯ ಮೇಲೂ ಒಂದು ಪಟ್ಟಿ, ಪಟ್ಟಿಯ ಮೇಲೆ ಅವರ ಮನೆಯವರ ಗಾಡಿ ಈ ಕಣಿವೆಗೆ ಇಳಿದ ವರ್ಷ. ಡ್ರೂಸಿಲ್ಲಾಳ ತವರಿನವರು ನಲವತ್ತೈದರವರು. ಅವರು ಮುಂದಿನ ಬೆಂಚುಗಳಲ್ಲಿ ಕೂರುತ್ತಾರೆ, ಅವರಿಗೆ ಕಡುಬು ಮೊದಲು ಬರುತ್ತದೆ. ಐವತ್ತೆರಡರವರು ಬರುವ ಹೊತ್ತಿಗೆ ದಾರಿ ಸವೆದಿತ್ತು, ಒಳ್ಳೆಯ ನೆಲವೆಲ್ಲ ಹಿಡಿದಾಗಿತ್ತು, ಜನ ಹುಳುಗಳ ಹಾಗೆ ಬಂದರು, ಹುಳುಗಳ ಹಾಗೆ ಸತ್ತರು. ಹೀಗೆಂದು ಯಾರೂ ಅವರ ಮುಖಕ್ಕೆ ಹೇಳುವುದಿಲ್ಲ. ಕಣ್ಣು ಮುಖಕ್ಕಿಂತ ಮೊದಲು ಪಟ್ಟಿಗೆ ಹೋಗುತ್ತದೆ, ಅಷ್ಟೆ. ಹೋದ ಸಲ ಪರ್ಮಿಲಿಯಾ ಪಟ್ಟಿಯ ಮೇಲೆ ಶಾಲು ಹೊದ್ದುಕೊಂಡು ಕೂತಿದ್ದಳು.

"ಹಾಗನ್ಬೇಡಿ ಅಕ್ಕ," ಡ್ರೂಸಿಲ್ಲಾ ಟೋಪಿಯ ಪಿನ್ನು ಕಿತ್ತಳು. "ಐವತ್ತೆರಡಾದ್ರೇನು, ನಿಮ್ಮಲ್ಲಿ ಓರ್ಫಾ ಇದಾಳಲ್ಲ. ನಮ್ಮ ಕಡೆ ದಾರೀಲಿ ಸತ್ತೋನು ಅಂದ್ರೆ ಒಬ್ಬ ದೊಡ್ಡಪ್ಪ. ಅವನೂ ಕುಡಿದು ಗಾಡಿಯಿಂದ ಬಿದ್ದು ಸತ್ತ. ಅದನ್ನ ಹೇಳ್ಕೊಳ್ಳೋಕಾಗುತ್ತಾ? ನಾನು ಅತ್ತೇನ ಕೇಳಿ ಬರ್ತೀನಿ, ಇರಿ. ಆ ಹಾರ ಮೇಜಿನ ಮೇಲಿಟ್ರೆ ಪೀಪಾಯಿ ಕಡೆ ಯಾರು ನೋಡ್ತಾರೆ!"

ಒಳಗೆ ಹೋದಳು. ಪರ್ಮಿಲಿಯಾ ಕಬ್ಬಿಣ ಹಿಡಿದುಕೊಂಡೇ ನಿಂತಳು. ಓರ್ಫಾಳ ಸಾವನ್ನು ಈಗ ಡ್ರೂಸಿಲ್ಲಾಳ ಹಾಗೆ ಹೇಳುವವರು ಯಾರೂ ಇಲ್ಲ. ಬೆಳಿಗ್ಗೆ ಹೂವು ಕೀಳುತ್ತ ಗಾಡಿಯ ಪಕ್ಕ ಓಡುತ್ತಿದ್ದ ಹುಡುಗಿ, ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಕೂತಳು, ಸಂಜೆಗೆ ಇಲ್ಲ. ತೋಳಗಳು ಕೆದಕಬಾರದೆಂದು ದಾರಿಯ ಮಧ್ಯದಲ್ಲೇ ಗುಂಡಿ ತೆಗೆದು, ಮುಚ್ಚಿ, ಎಲ್ಲರ ಗಾಡಿಗಳನ್ನೂ ಅದರ ಮೇಲೆ ಓಡಿಸಿದರು, ಗುರುತೇ ಸಿಗದ ಹಾಗೆ. ಡ್ರೂಸಿಲ್ಲಾ ಹೇಳುವಾಗ ಬಂಗಾರದ ಕೂದಲು ಗಾಳಿಗೆ ಹಾರುತ್ತದೆ, ಹೆಂಗಸರು ಮೂಗು ಒರೆಸಿಕೊಳ್ಳುತ್ತಾರೆ. ಅಮ್ಮ ಹೇಳಿದ್ದು ಇಷ್ಟೇ: "ಗಾಡಿ ದಾಟಿದ್ವು. ಕೊನೇದು ನಮ್ದು." ಮತ್ತೆ ಬಟಾಣಿ ಸುಲಿಯತೊಡಗಿದ್ದಳು. ಅಪ್ಪ ಅದನ್ನೂ ಹೇಳಲಿಲ್ಲ. ಒಂದು ಸಲ, ಅವಳಿಗೆ ಹತ್ತು ವರ್ಷವಿರಬೇಕು, ಅಮ್ಮ ಯಾರದೋ ಬಾಣಂತನಕ್ಕೆ ಹೋಗಿದ್ದಾಗ, ಅವಳು ಕುರ್ಚಿ ಹತ್ತಿ ಗಾಜಿನ ಪೆಟ್ಟಿಗೆಯನ್ನು ತಿರುಗಿಸಿ ಅದರ ಮುಖವನ್ನು ಗೋಡೆಗೆ ಹಾಕಿದ್ದಳು. ಅಪ್ಪ ಬಂದು ನೋಡಿದ. ಬೈಯಲಿಲ್ಲ. ತಿರುಗಿಸಿ ನೆಟ್ಟಗೆ ಮಾಡಿ, ಅವಳ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು, ಹಾಲು ಕರೆಯಲು ಹೋದ. ಹೊಡೆದಿದ್ದರೆ ಚೆನ್ನಾಗಿತ್ತು. ಓರ್ಫಾ ಸತ್ತದ್ದು ಒಳ್ಳೆಯದೇ ಆಯಿತು ಎಂದು ಅವತ್ತು ಕೊಟ್ಟಿಗೆಯಲ್ಲಿ ಕೂತು ಗಟ್ಟಿಯಾಗಿ ಹೇಳಿದ್ದಳು, ಕೋಳಿಗಳಿಗೆ ಕೇಳುವ ಹಾಗೆ. ಇನ್ನೊಮ್ಮೆ ಸಾಯಲಿ ಎಂದಿದ್ದಳು. ಆ ಪಾಪ ಇನ್ನೂ ಅವಳ ಹತ್ತಿರವೇ ಇದೆ, ಯಾವ ಪಾದ್ರಿಗೂ ಕೊಟ್ಟಿಲ್ಲ.

"ಒಪ್ಪಿದ್ರು!" ಡ್ರೂಸಿಲ್ಲಾ ಹೊರಗೆ ಬಂದಳು. "ತಗೊಂಡ್ಹೋಗು ಅಂದ್ರು. ಆದ್ರೆ ನಡುವಿನ ಹೂವು ಬಿಟ್ಟು. ಅದನ್ನ ಈಗ್ಲೇ ಬಿಡಿಸಿ ಕೈಗೆ ಕೊಡ್ಬೇಕಂತೆ, ಮೀಲಿಗೆ ಹೇಳು ಅಂದ್ರು. ನೋಡಿ ಅಕ್ಕ, ಇರೋದೇ ಅದು, ಅದನ್ನೇ ಬಿಟ್ಟು ಉಳಿದಿದ್ದನ್ನ ಯಾರಿಗೆ ತೋರಿಸ್ಲಿ? ಲೀವಾಯ್ ಕೂದಲು ನೋಡೋಕೆ ಜನ ಬರ್ತಾರಾ?"

ಈಗಲೇ. ಸತ್ತ ಮೇಲೆ ಎಂದಿದ್ದವಳು ಈಗಲೇ ಎನ್ನುತ್ತಾಳೆ. ಪರ್ಮಿಲಿಯಾ ಕೈ ಒರೆಸಿಕೊಂಡು ಮುಂದಿನ ಕೋಣೆಗೆ ಹೋಗಿ ಪೆಟ್ಟಿಗೆಯನ್ನು ಮೊಳೆಯಿಂದ ಇಳಿಸಿದಳು. ಅಂದುಕೊಂಡಷ್ಟು ಭಾರವಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಬೋರಲು ಹಾಕಿ, ಚಾಕುವಿನಿಂದ ಹಿಂದಿನ ಹಲಗೆಯ ಮೊಳೆಗಳನ್ನು ಮೀಟಿದಳು. ಗಾಜಿನಿಂದ ಹೊರಗೆ ತೆಗೆದಾಗ ಹಾರ ಚಿಕ್ಕದಾಗಿ, ಬಡಕಲಾಗಿ ಕಂಡಿತು. ಧೂಳಿನದೋ ಹಳೆಯ ತಲೆಗಳದೋ ಒಂದು ವಾಸನೆ ಎದ್ದಿತು. ಇದಕ್ಕೇನಾ, ಎಂದುಕೊಂಡಳು. ಇಷ್ಟಕ್ಕೇನಾ. ಅವಳ ಉಗುರು ಮೊದಲ ಸಲ ಆ ಹಳದಿ ದಳಕ್ಕೆ ತಾಗಿತು. ತಾಗಿದ್ದಷ್ಟೇ. ಒಳಗಿನ ತಂತಿ ತುಕ್ಕು ಹಿಡಿದು ಯಾವ ಕಾಲಕ್ಕೋ ಪುಡಿಯಾಗಿತ್ತು. ಒಂದು ದಳ ಕಳಚಿತು, ಅದರ ಹಿಂದೆ ಇನ್ನೊಂದು, ಸುತ್ತು ಬಿಟ್ಟಿತು, ನೋಡುತ್ತಿದ್ದಂತೆ ಹೂವು ಹೂವಾಗಿ ಉಳಿಯಲಿಲ್ಲ. ಅಂಗೈಯಲ್ಲಿ ಒಂದು ಹಿಡಿ ಬಿಡಿಗೂದಲು ಉಳಿಯಿತು. ಮಗುವಿನ ಕೂದಲು. ಅದರಷ್ಟು ನುಣುಪಾದದ್ದನ್ನು ಅವಳು ಬಹಳ ಕಾಲದಿಂದ ಮುಟ್ಟಿರಲಿಲ್ಲ.

"ಹೋಯ್ತು!" ಡ್ರೂಸಿಲ್ಲಾ ಬಾಯಿಯ ಮೇಲೆ ಕೈಯಿಟ್ಟಳು. "ಅಯ್ಯಯ್ಯೋ, ಏನ್ಮಾಡಿದ್ರಿ ಅಕ್ಕ! ಅತ್ತೆಗೆ ಗೊತ್ತಾದ್ರೆ ಇಲ್ಲೇ ಪ್ರಾಣ ಬಿಡ್ತಾರೆ."

"ನಾನೇನೂ ಮಾಡ್ಲಿಲ್ಲ."

"ಸರಿ, ಸರಿ. ಅಳ್ಬೇಡಿ."

ಅವಳು ಅಳುತ್ತಿರಲಿಲ್ಲ. ಡ್ರೂಸಿಲ್ಲಾ ಒಂದು ಗಳಿಗೆ ಯೋಚಿಸಿದಳು. ಯೋಚನೆ ಮುಗಿದದ್ದು ಅವಳ ಮುಖದಲ್ಲಿ ಕಂಡಿತು. ಜಗಲಿಯ ಕಡೆ ತಿರುಗಿ, "ಎಫೀ, ಬಾಯಿಲ್ಲಿ ಚಿನ್ನ," ಎಂದು ಕರೆದಳು. ಬಾಯಿಯ ಸುತ್ತ ಚೆರ್ರಿಯ ಕೆಂಪು ಹತ್ತಿಸಿಕೊಂಡು ಹುಡುಗಿ ಒಳಗೆ ಬಂತು. ಎರಡು ಜಡೆ, ಮಾಗಿದ ಗೋಧಿಯ ಬಣ್ಣ. "ನೋಡಿ, ಒಂದೇ ಬಣ್ಣ. ನೀವು ಬೆಳಗಾಗೋದರಲ್ಲಿ ಎರಡು ಹೂವು ಮಾಡ್ತೀರ, ನಿಮ್ಮ ಕೈ ನಂಗೊತ್ತಿಲ್ವಾ. ಒಂದು ಅತ್ತೆ ಕೈಗೆ, ಒಂದು ಹಾರಕ್ಕೆ. ಅತ್ತೆಗೆ ಕಣ್ಣೂ ಅಷ್ಟಕ್ಕಷ್ಟೇ. ಓರ್ಫಾದು ಅಂದ್ರೆ ಓರ್ಫಾದೇ. ಯಾರಿಗೆ ಗೊತ್ತಾಗುತ್ತೆ?" ಹೊಲಿಗೆಯ ಬುಟ್ಟಿಯಿಂದ ಕತ್ತರಿ ಎತ್ತಿಕೊಂಡಳು. "ಕಿವಿ ಹಿಂದೆ ತೆಗೀತೀನಿ, ಕಾಣಲ್ಲ. ನಿಮ್ಮಪ್ಪನಿಗೆ ಹೇಳ್ಬೇಡ, ಎಫೀ. ಆಯ್ತಾ?"

"ಬಿಡು ಅವಳನ್ನ!"

ಆ ದನಿ ತನ್ನದೆಂದು ಪರ್ಮಿಲಿಯಾಳಿಗೆ ಮೊದಲು ತಿಳಿಯಲಿಲ್ಲ. ಕತ್ತರಿ ಅವಳ ಕೈಯಲ್ಲಿತ್ತು, ಹೇಗೆ ಕಿತ್ತುಕೊಂಡಳೋ. ಡ್ರೂಸಿಲ್ಲಾಳ ಬೆರಳು ಗೀರಿ ರಕ್ತ ಬಂದಿತ್ತು. ಎಫೀ ಗೋಡೆಗೆ ಅಂಟಿಕೊಂಡು ನಿಂತಿತ್ತು.

"ನಿಮಗೆ ತಲೆ ಕೆಟ್ಟಿದೆಯಾ?" ಡ್ರೂಸಿಲ್ಲಾ ಬೆರಳು ಚೀಪುತ್ತ ಅಂದಳು. "ಒಂದು ಎಳೆ ಕೂದಲಿಗೆ! ಮತ್ತೆ ಬೆಳೆಯಲ್ವಾ? ನಿಮ್ಮನೆ ಮರ್ಯಾದೆಗೇ ಅಲ್ವಾ ನಾನು ಇಷ್ಟೆಲ್ಲ ಒದ್ದಾಡ್ತಿರೋದು? ಮಕ್ಕಳಿಲ್ಲದೋರಿಗೆ..." ಅಲ್ಲಿಗೆ ನಿಲ್ಲಿಸಿದಳು. ನಿಲ್ಲಿಸಿದ್ದೇ ಹೆಚ್ಚು ನೋವಾಯಿತು.

"ಬೆಳೆಯುತ್ತೆ," ಎಂದಳು ಪರ್ಮಿಲಿಯಾ. "ಆದ್ರೂ ಬೇಡ." ಎಫೀಯ ಬಾಯಿಯನ್ನು ತನ್ನ ಏಪ್ರನ್ನಿನ ತುದಿಯಿಂದ ಒರೆಸಿ, "ಹೋಗು ಪುಟ್ಟ, ಇನ್ನೂ ಹಣ್ಣಿದೆ," ಎಂದಳು. ಆಮೇಲೆ ಅಂಗೈ ಮುಚ್ಚಿಕೊಂಡು ಅಮ್ಮನ ಕೋಣೆಗೆ ಹೋದಳು. ಕಾಲು ಸೋತಿದ್ದವು. ಬೆಳಗಿನಿಂದ ನಿಂತದ್ದಕ್ಕೋ, ಹುಟ್ಟಿದಾಗಿನಿಂದ ನಿಂತದ್ದಕ್ಕೋ. ಹೇಳಿಬಿಡಬೇಕು. ಮುರಿಯಿತು ಎಂದು ಹೇಳಬೇಕು, ಅದರ ಹಿಂದೆಯೇ ಉಳಿದದ್ದನ್ನೂ ಹೇಳಿಬಿಡಬೇಕು. ಅಮ್ಮ ಅದನ್ನು ಕೇಳಿ ಸತ್ತರೆ ಸಾಯಲಿ. ಹೀಗೆ ಅಂದುಕೊಂಡದ್ದಕ್ಕೆ ಅವಳಿಗೆ ಹೆದರಿಕೆಯೂ ಆಗಲಿಲ್ಲ.

ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಾಸಿಗೆಯಲ್ಲಿ ಅವಳು ಇರುವುದೇ ಗೊತ್ತಾಗದಷ್ಟು ಸಣ್ಣಗಾಗಿದ್ದಳು. ಎತ್ತಿನ ನೊಗದ ಪಕ್ಕ ಅರ್ಧ ದೇಶವನ್ನು ನಡೆದು ದಾಟಿದವಳು ಎಂದು ಸಮ್ಮೇಳನದಲ್ಲಿ ಭಾಷಣ ಮಾಡುತ್ತಾರಲ್ಲ, ಆ ಕಾಲುಗಳು ಹೊದಿಕೆಯ ಕೆಳಗೆ ಎರಡು ಕಡ್ಡಿಗಳ ಹಾಗೆ ಇದ್ದವು.

"ಏನು ಕಿರುಚಾಟ?"

"ಹೂವು ಕಿತ್ತುಹೋಯ್ತಮ್ಮ. ತಂತಿ ತುಕ್ಕು ಹಿಡಿದಿತ್ತು. ಕೂದಲಷ್ಟೇ ಇದೆ."

"ಕೊಡು."

ಪರ್ಮಿಲಿಯಾ ಮಂಚದ ಅಂಚಿಗೆ ಕೂತು ಅಮ್ಮನ ಅಂಗೈ ಬಿಡಿಸಿ ಕೂದಲನ್ನು ಅದರಲ್ಲಿ ಇಟ್ಟಳು. ಅಮ್ಮ ಬೆರಳುಗಳಿಂದ ಅದನ್ನು ಮೆಲ್ಲಗೆ ಹಿಸುಕಿ, ಬಿಡಿಸಿ, ಮತ್ತೆ ಹಿಸುಕಿದಳು. ಗೊತ್ತಾಗುತ್ತದೆಯೇ? ಬೆರಳಿಗೆ ಗೊತ್ತಾಗುತ್ತದೆಯೇ ಯಾರದೆಂದು? ಈಗ ಹೇಳು, ಈಗ, ಎಂದುಕೊಂಡಳು.

"ಅಮ್ಮ, ಅದು ಓರ್ಫಾದಲ್ಲ."

"ಅಲ್ಲ," ಎಂದಳು ಅಮ್ಮ.

ಹೊರಗೆ ಎಫೀ ಚೆರ್ರಿ ಬೀಜಗಳನ್ನು ಬಕೆಟ್ಟಿಗೆ ಉಗುಳುತ್ತಿದ್ದ ಸದ್ದು ಕೇಳುತ್ತಿತ್ತು.

"ಓರ್ಫಾದು ಕಪ್ಪು," ಅಮ್ಮ ಹೇಳಿದಳು. "ಕಾಗೆ ಕಪ್ಪು. ನಿಮ್ಮಜ್ಜನ ಥರ. ಅವಳದ್ದು ಒಂದೆಳೇನೂ ನನ್ಹತ್ರ ಇಲ್ಲ. ಕತ್ತರಿ ಪೆಟ್ಟಿಗೆ ತಳದಲ್ಲಿತ್ತು, ಹಿಟ್ಟಿನ ಚೀಲದ ಕೆಳಗೆ. ಇಳಿಸಿ ಕೊಡು ಅಂದೆ. ಹೊತ್ತಿಲ್ಲ ಕಣೇ, ಎಲ್ಲ ಕಾಯ್ತಿದಾರೆ ಅಂದ ನಿಮ್ಮಪ್ಪ. ಹಲ್ಲಲ್ಲಿ ಕಚ್ಚಿಯಾದ್ರೂ ತಗೋಬೇಕಿತ್ತು. ತಗೊಳ್ಲಿಲ್ಲ."

"ಮತ್ತೆ ಇದು?"

"ಇದು ನಿಂದು. ನಿಂಗೆ ಅಂತಲೇ ಮಾಡಿದ್ದು."

"ನಂಗೆ ಅಂತ?"

"ಮತ್ತಿನ್ನಾರಿಗೆ? ಇಲ್ಲಿಗೆ ಬಂದ್ಮೇಲೆ ಹುಟ್ಟಿದ ಮೊದಲ ಕೂಸು. ನಡುವೇ ಇಟ್ಟೆ. ನಿಮ್ಮಪ್ಪನಿಗೆ ಕೂದಲ ಕೆಲಸ ಅಂದ್ರೆ ಆಗ್ತಿರ್ಲಿಲ್ಲ, ಡಂಬಾಚಾರ ಅಂತಿದ್ದ. ಅದಕ್ಕೇ ಕದ್ದು ಕತ್ತರಿಸಿದ್ದು." ಅಮ್ಮ ಉಸಿರಿಗಾಗಿ ನಿಂತಳು. "ಪಾದ್ರಿ ಹೆಂಡ್ತಿ ಬಂದ್ಲು. ಬೆರಳು ತೋರಿಸಿ, ಸತ್ತ ಮಗೂದಾ ಅಂದ್ಲು. ನಂಗೆ ಬೆಳಗಿಂದ ನಿಂತು ಸಾಕಾಗಿತ್ತು, ಮೀಲಿ. ಅಲ್ಲ ಅಂದ್ರೆ ಮತ್ತೆ ಅವಳದ್ದೆಲ್ಲಿ ಅಂತಾಳೆ. ಕತ್ತರಿ ಕಥೆ ಹೇಳ್ಬೇಕು. ಹೌದು ಅಂದ್ಬಿಟ್ಟೆ. ತಿರುಗಿ ನೋಡಿದ್ರೆ ಇವನು ಟೋಪಿ ತೆಗೆದು ನಿಂತಿದಾನೆ."

"ಅಪ್ಪನಿಗೆ ಗೊತ್ತಿರ್ಲಿಲ್ವಾ ಕಪ್ಪು ಅಂತ?"

"ಗೊತ್ತಿಲ್ದೇ ಏನು? ಮಣ್ಣು ಎಳೆದೋನು ಅವನೇ. ಗೊತ್ತಿದ್ದೂ ಟೋಪಿ ತೆಗೆದ. ಗೊತ್ತಿದ್ದೂ ವಾರವಾರ ಬಂದು ಅಲ್ಲಿ ಕೂತ. ನಾನೂ ಹೇಳ್ಲಿಲ್ಲ, ಅವನೂ ಕೇಳ್ಲಿಲ್ಲ. ಅವನಿಗೆ ಕೂರೋಕೆ ಇನ್ನೆಲ್ಲಿತ್ತು ಜಾಗ? ಅವಳ ಗುಂಡಿ ಮೇಲೆ ಗಾಡಿ ಓಡ್ಸಿ ಬಂದಿದ್ವಲ್ಲ. ಹಾಗೆ ಕೂತೋನ ಮುಂದೆ, ಏಳು, ಅದು ಮೀಲಿಯದು ಅಂತ ಹೇಗನ್ಲಿ?"

ಅಪ್ಪನ ಬೆನ್ನು ಪರ್ಮಿಲಿಯಾಳ ಕಣ್ಣಿಗೆ ಬಂತು. ಗೋಡೆಗೆ ಮುಖ ಹಾಕಿದ್ದ ಪೆಟ್ಟಿಗೆಯನ್ನು ನೆಟ್ಟಗೆ ಮಾಡಿ, ಒಂದು ಕ್ಷಣ ಅವಳ ತಲೆಯ ಮೇಲೆ ಇಟ್ಟ ಕೈ. ಆ ಕೈ ಆಗ ಗೋಧಿಯ ಬಣ್ಣದ ಕೂದಲಿನ ಮೇಲಿತ್ತು, ಅವನಿಗೆ ಗೊತ್ತಿತ್ತು. ಅವರಿಬ್ಬರಿಗೂ ಗೊತ್ತಿತ್ತು, ತನಗೂ ಗೊತ್ತಿತ್ತು, ಮೂರು ಜನ ಒಂದೇ ಮನೆಯಲ್ಲಿ ಅಷ್ಟು ವರ್ಷ ಒಂದೇ ಮಾತನ್ನು ಬಾಯಲ್ಲಿಟ್ಟುಕೊಂಡು ಬ್ರೆಡ್ಡು ತಿಂದರು.

"ನಂಗಾದ್ರೂ ಹೇಳ್ಬಹುದಿತ್ತು," ಎಂದಳು.

"ಹೌದು. ಹೇಳ್ಬಹುದಿತ್ತು." ಅಮ್ಮ ಕಣ್ಣು ಮುಚ್ಚಿದಳು. "ನಿಂಗೆ ಗೊತ್ತಿದೆ ಅಂತ ನಂಗೆ ಗೊತ್ತಿತ್ತು. ನೀನು ಅದನ್ನ ನೋಡೋ ಥರಾನೇ ಹೇಳ್ತಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅಂತ. ಕೆಲಸ ಇರ್ತಿತ್ತು. ಅದಕ್ಕೇ ಈಗ ಕೇಳಿದ್ದು. ಹೋಗುವಾಗ ನಿಂದೇ ಒಂಚೂರು ಕೈಲಿರ್ಲಿ ಅಂತ."

ಇದೇ ಆ ಮಾತು. ಇದನ್ನು ಕೇಳಲೆಂದೇ ಬದುಕಿದ್ದಳು ಎಂದರೂ ತಪ್ಪಲ್ಲ. ಕೇಳಿದರೆ ಏನಾಗುತ್ತದೆಂದು ಎಷ್ಟು ಸಲ ಊಹಿಸಿದ್ದಳು: ಕುಸಿದು ಅಳುತ್ತಾಳೆ, ಅಮ್ಮನ ಎದೆಗೆ ತಲೆಯಿಡುತ್ತಾಳೆ, ಇಲ್ಲವೇ ಎದ್ದು ಬಾಗಿಲು ದಢಾರನೆ ಹಾಕಿಕೊಂಡು ಹೋಗುತ್ತಾಳೆ. ಏನೂ ಆಗಲಿಲ್ಲ. ಬೆನ್ನು ನೋಯುತ್ತಿತ್ತು. ಅಮ್ಮನ ಮೇಲೆ ಸಿಟ್ಟು ಬಂದಿತ್ತು, ಪ್ರೀತಿಯೂ ಬಂದಿತ್ತು, ಎರಡನ್ನೂ ಎತ್ತಿಕೊಳ್ಳುವ ಶಕ್ತಿ ಇರಲಿಲ್ಲ. ಹೂವು ತನ್ನದಾಯಿತು, ಸರಿ. ಹಾಗಾದರೆ ಅವಳು? ಕಾಗೆ ಕಪ್ಪಿನ ಆ ಹುಡುಗಿ? ಇಷ್ಟು ವರ್ಷ ತಾನು ಶಾಪ ಹಾಕಿದ್ದು ಯಾರಿಗೆ? ಹಳದಿ ಕೂದಲಿನ ಒಬ್ಬಳಿಗೆ, ಅಂದರೆ ತನಗೇ. ಓರ್ಫಾ ಹಾರದಲ್ಲಿ ಯಾವತ್ತೂ ಇರಲೇ ಇಲ್ಲ. ಅವಳಿಂದ ಯಾರೂ ಏನನ್ನೂ ಕಿತ್ತುಕೊಂಡಿರಲಿಲ್ಲ, ಅವಳೂ ಯಾರಿಂದಲೂ ಏನನ್ನೂ ಕಿತ್ತುಕೊಂಡಿರಲಿಲ್ಲ. ಅವಳ ಮೇಲೆ ಗಾಡಿಗಳು ಹೋದವು, ಅಷ್ಟೆ.

"ಹೇಗಿದ್ಲಮ್ಮ ಅವಳು?" ಕೇಳಿದಳು. ಹುಟ್ಟಿದಾಗಿನಿಂದ ಒಂದು ಸಲವೂ ಕೇಳಿರಲಿಲ್ಲ.

ಅಮ್ಮ ಕಣ್ಣು ಮುಚ್ಚಿಯೇ ಮೆಲ್ಲಗೆ ಅಂಗಾತ ಹೊರಳಿದಳು. ನಿದ್ದೆ ಹೋದಳೋ ಎಂದು ಪರ್ಮಿಲಿಯಾ ಬಗ್ಗಿ ನೋಡಿದಳು. ಕಣ್ಣಂಚಿನಿಂದ ನೀರು ಕಿವಿಯೊಳಗೆ ಇಳಿಯುತ್ತಿತ್ತು.

"ಕಪ್ಪು ಅಂತ ಗೊತ್ತು," ಎಂದಳು ಅಮ್ಮ. "ಗೊತ್ತಷ್ಟೇ. ಕಣ್ಮುಚ್ಚಿದ್ರೆ ಈಗ ಹಳದಿ ಕೂದಲೋಳೇ ಬರ್ತಾಳೆ. ಎಲ್ರೂ ಹೇಳಿ ಹೇಳಿ. ಮುಖ ನೋಡಿದ್ರೆ ನಿಂದು. ಅವಳದ್ದು ಬರೋದೇ ಇಲ್ಲ ಮ..."

ಮಗಳೇ ಎನ್ನಲು ಹೊರಟಿದ್ದಳೋ, ಮೀಲಿ ಎನ್ನಲೋ, ಮಾತು ಅಲ್ಲಿಗೇ ನಿಂತಿತು. ಉಸಿರು ಮಾತ್ರ ಗೊರಗೊರ ಎನ್ನುತ್ತ ನಡೆದಿತ್ತು. ಪರ್ಮಿಲಿಯಾ ಕೂತೇ ಇದ್ದಳು. ಆಗ ಅವಳಿಗೆ ಅಳು ಬಂತು. ತನಗಾಗಿ ಅಲ್ಲ, ಅಮ್ಮನಿಗಾಗಿಯೂ ಅಲ್ಲ. ಮುಖವಿಲ್ಲದ ಆ ಮಗುವಿಗಾಗಿ ಮೊದಲ ಸಲ, ಮೂಗು ಸೋರಿ ತುಟಿಗೆ ಬರುವಷ್ಟು ಅತ್ತಳು. ಅಮ್ಮ ಮುಷ್ಟಿ ಬಿಗಿ ಹಿಡಿದೇ ನಿದ್ದೆಹೋದಳು. ಬೆರಳ ಸಂದಿಯಿಂದ ಹೊರಬಂದಿದ್ದ ಎಳೆಗಳನ್ನು ಪರ್ಮಿಲಿಯಾ ಒಳಗೆ ಸೇರಿಸಿ ಹೊದಿಕೆ ಎಳೆದಳು.

ಅಡುಗೆಮನೆಯಲ್ಲಿ ಡ್ರೂಸಿಲ್ಲಾ ಮುನಿಸಿಕೊಂಡೇ ಕೆಲಸ ಮಾಡುತ್ತಿದ್ದಳು. ಹಾರವನ್ನು ಪೆಟ್ಟಿಗೆಯೊಳಗೆ ಕೂರಿಸಿ, ಗಾಜನ್ನು ಉಗುಳು ಹಚ್ಚಿ ಒರೆಸಿ, ಹಿಂದಿನ ಹಲಗೆಗೆ ಮೊಳೆ ಒತ್ತಿ ಆಗಿತ್ತು. ಬೆರಳಿಗೆ ಚಿಂದಿ ಸುತ್ತಿಕೊಂಡಿದ್ದಳು. ಪರ್ಮಿಲಿಯಾಳ ಮುಖ ನೋಡಿ, ಆಡಬೇಕೆಂದಿದ್ದ ಮಾತನ್ನು ನುಂಗಿ, "ಮಲಗಿದ್ರಾ?" ಎಂದಳು.

"ಹೂಂ. ಬೆರಳು ನೋಯ್ತಿದೆಯಾ?"

"ಪರವಾಗಿಲ್ಲ ಬಿಡಿ." ಡ್ರೂಸಿಲ್ಲಾ ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. "ಏನ್ಮಾಡೋದು, ಇದ್ದಿದ್ದನ್ನೇ ತಗೊಂಡ್ಹೋಗ್ತೀನಿ. ಆದ್ರೆ ನಡುವೆ ನೋಡಿ ಅಕ್ಕ, ಬೋಳಾಗಿ ಕಾಣುತ್ತೆ. ಕಣ್ಣು ನೆಟ್ಟಗೆ ಅಲ್ಲಿಗೇ ಹೋಗುತ್ತೆ. ಯಾರಾದ್ರೂ ಕೇಳೇ ಕೇಳ್ತಾರೆ. ಏನು ಹೇಳ್ಲಿ?"

ಪರ್ಮಿಲಿಯಾ ಹತ್ತಿರ ಬಂದು ನೋಡಿದಳು. ಹಿಂದಿನ ಮಖಮಲ್ಲು ಸುತ್ತಲೂ ಮಾಸಿ ಕಂದಾಗಿತ್ತು. ಹೂವು ಮುಚ್ಚಿಕೊಂಡಿದ್ದ ಕಡೆ ಮಾತ್ರ ಬಿಸಿಲು ತಾಗದೆ ಅಚ್ಚಗಪ್ಪಾಗಿ ಉಳಿದಿತ್ತು.

"ಓರ್ಫಾ ಅಂತ ಹೇಳು," ಎಂದಳು.